ಕೆಂಪು ನೀರನ್ನು ಚೆಲ್ಲದ ವಿಜ್ಞಾನಿ: ಮೈಕೆಲ್ ಫ್ಯಾರಡೆ

ಮಕ್ಕಳೇ, ರ್‍ಯಾಪಿಡ್ ಟೆಸ್ಟ್ ಎಂಬ ಮಾತನ್ನು ನೀವು ಕೇಳಿರಬಹುದು. 2020 ಮತ್ತು 2021ರಲ್ಲಿ ಕೊರೋನಾ ಹರಡಿದ್ದಾಗ ನೀವು ಇನ್ನೂ ಚಿಕ್ಕವರು. ಆಗ ಆರೋಗ್ಯ ಸಿಬ್ಬಂದಿ ತುದಿಗೆ ಹತ್ತಿಯಂಥ ಕುಚ್ಚು ಇರುವ ಉದ್ದನೆಯ ಕಡ್ಡಿಯನ್ನು ಮೂಗಿನೊಳಗೆ ಆಡಿಸಿ ಮಾದರಿ ತೆಗೆಯುತ್ತಿದ್ದರು. ಕಡ್ಡಿಯನ್ನು ಒಂದು ದ್ರವದಲ್ಲಿ ಅದ್ದಿ ತಿರುಗಿಸಿ, ಆ ದ್ರವದ ಕೆಲವು ಹನಿಗಳನ್ನು ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಗುಳಿಯೊಳಗೆ ಬಿಡುತ್ತಿದ್ದರು. ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಪಟ್ಟಿಯ ಪುಟ್ಟ ಕಿಟಕಿಯಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ಒಂದೇ ಗೆರೆ ಬಂದರೆ ವೈರಸ್ ಸಿಕ್ಕಿಲ್ಲ, ಎರಡು ಗೆರೆ ಬಂದರೆ ವೈರಸ್ ಇದೆ ಎಂದು ಅರ್ಥ.

ಆ ಕೆಂಪು ಬಣ್ಣ ಯಾವುದರದು ಗೊತ್ತೇ? ಶಾಯಿಯದಲ್ಲ, ಕುಂಕುಮದ್ದಲ್ಲ, ರಕ್ತದ್ದೂ ಅಲ್ಲ. ಇಂಥ ಬಹಳಷ್ಟು ಪಟ್ಟಿಗಳಲ್ಲಿ ಅದು ಬಂಗಾರದ ಬಣ್ಣ! ಬಂಗಾರ ಹಳದಿಯಲ್ಲವೇ, ಕೆಂಪಾಗುವುದು ಹೇಗೆ ಎಂದು ನೀವು ಕೇಳುತ್ತೀರಿ. ಇದೇ ಪ್ರಶ್ನೆಯನ್ನು ಸುಮಾರು 170 ವರ್ಷಗಳ ಹಿಂದೆ ಲಂಡನ್ನಿನ ಒಬ್ಬ ವಿಜ್ಞಾನಿ ಕೇಳಿದರು. ಅವರು ಕಮ್ಮಾರನ ಮಗ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರೇ ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ಅವರ ಹೆಸರು ಬರುತ್ತದೆ. ಆದರೆ ಬಂಗಾರದ ಜೊತೆ ಅವರು ಕಳೆದ ದಿನಗಳ ಕಥೆ ಪಾಠದಲ್ಲಿ ಬರುವುದು ಕಡಿಮೆ. ಅದನ್ನು ಈಗ ತಿಳಿಯೋಣ ಬನ್ನಿ.

ಕಮ್ಮಾರನ ಮಗ

ಮೈಕೆಲ್ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ನ್ಯೂಯಿಂಗ್ಟನ್ ಎಂಬಲ್ಲಿ. ಅದು ಈಗ ಲಂಡನ್ ನಗರದೊಳಗೇ ಸೇರಿಹೋಗಿದೆ. ತಂದೆ ಜೇಮ್ಸ್ ಕಮ್ಮಾರರು. ತಾಯಿ ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. ತಂದೆಗೆ ಆಗಾಗ ಕಾಯಿಲೆ. ಕುಲುಮೆಯ ಮುಂದೆ ನಿಲ್ಲಲಾಗದ ದಿನ ಕೂಲಿಯೂ ಇಲ್ಲ. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಮೈಕೆಲನ ಪಾಲಿಗೆ ಸಿಗುತ್ತಿದ್ದುದು ವಾರಕ್ಕೆ ಒಂದು ಬ್ರೆಡ್ಡು. ಅದನ್ನೇ ಅವನು ಏಳು ದಿನಕ್ಕೆ ಹಂಚಿಕೊಂಡು ತಿನ್ನಬೇಕಿತ್ತು.

ಶಾಲೆಯಲ್ಲಿ ಅವನು ಕಲಿತದ್ದು ಓದು, ಬರಹ ಮತ್ತು ಒಂದಿಷ್ಟು ಲೆಕ್ಕ ಮಾತ್ರ. ಹದಿಮೂರನೆಯ ವಯಸ್ಸಿಗೆ ಶಾಲೆ ಮುಗಿಯಿತು, ದುಡಿಮೆ ಆರಂಭವಾಯಿತು. ಜಾರ್ಜ್ ರೀಬೋ ಎಂಬುವರ ಪುಸ್ತಕದ ಅಂಗಡಿಯಲ್ಲಿ ಓಡಾಟದ ಕೆಲಸಕ್ಕೆ ಸೇರಿದ. ಮನೆಮನೆಗೆ ಪತ್ರಿಕೆ ಹಂಚುವುದು ಅವನ ಕೆಲಸ. ಮರುವರ್ಷ, ಅಂದರೆ 1805ರಲ್ಲಿ, ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷದ ಕರಾರಿನ ಮೇಲೆ ನಿಂತ.

ರಟ್ಟು ಕಟ್ಟುತ್ತಾ ಓದಿದ

ಹಾಳೆ ಮಡಿಸುವುದು, ಹೊಲಿಯುವುದು, ಅಂಟು ಬಳಿಯುವುದು, ರಟ್ಟು ಕೂರಿಸುವುದು: ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಆದರೆ ಮೈಕೆಲ್ ಕೈಗೆ ಬಂದ ಪುಸ್ತಕವನ್ನು ಕಟ್ಟುವುದಷ್ಟೇ ಅಲ್ಲ, ಬಿಚ್ಚಿ ಓದುತ್ತಲೂ ಇದ್ದ. ಒಮ್ಮೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಒಂದು ಸಂಪುಟ ರಟ್ಟು ಕಟ್ಟಲು ಬಂತು. ಅದರಲ್ಲಿ ವಿದ್ಯುತ್ತಿನ ಬಗ್ಗೆ ದೀರ್ಘ ಲೇಖನವಿತ್ತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಮಾತುಕತೆಯ ರೂಪದಲ್ಲಿ ಬರೆದ ರಸಾಯನವಿಜ್ಞಾನದ ಪುಸ್ತಕವೂ ಅವನಿಗೆ ಸಿಕ್ಕಿತು. ಈ ಎರಡೂ ಅವನ ಬದುಕಿನ ದಾರಿಯನ್ನೇ ಬದಲಿಸಿದವು.

ಓದಿದ್ದನ್ನು ಹಾಗೆಯೇ ನಂಬಿ ಸುಮ್ಮನಾಗುವ ಹುಡುಗ ಅವನಲ್ಲ. ಮಾಡಿ ನೋಡಬೇಕು ಎನ್ನುವ ಆಸೆ. ಕೂಡಿಟ್ಟ ಪುಡಿಗಾಸಿನಲ್ಲಿ ಸಾಮಾನು ತಂದು ಪುಟ್ಟ ಪ್ರಯೋಗಗಳನ್ನು ಮಾಡಿದ. ಮಾಲೀಕ ರೀಬೋ ಅದಕ್ಕೆ ಅಡ್ಡಿ ಮಾಡಲಿಲ್ಲ. ಊರಿನಲ್ಲಿ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ತಲಾ ಒಂದು ಶಿಲ್ಲಿಂಗ್ ಪ್ರವೇಶ ಶುಲ್ಕ. ಆ ಹಣವನ್ನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್ ಕೊಡುತ್ತಿದ್ದ. ಮೈಕೆಲ್ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ತಾನೇ ರಟ್ಟು ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಈ ಬರೆದಿಡುವ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬಂಗಾರದ ಕಥೆಯಲ್ಲಿ ಇದೇ ಕೈಹಿಡಿಯುತ್ತದೆ.

ನಾಲ್ಕು ಉಪನ್ಯಾಸ, ಒಂದು ಪುಸ್ತಕ

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಮೈಕೆಲನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯ ಉಪನ್ಯಾಸಗಳ ಟಿಕೆಟ್ಟು ಕೊಟ್ಟರು. ಅಲ್ಲಿ ಮಾತನಾಡುತ್ತಿದ್ದವರು ಆ ಕಾಲದ ಪ್ರಸಿದ್ಧ ರಸಾಯನವಿಜ್ಞಾನಿ ಹಂಫ್ರಿ ಡೇವಿ. ಮೈಕೆಲ್ ನಾಲ್ಕು ಉಪನ್ಯಾಸಗಳನ್ನು ಕೇಳಿದ. ಎಂದಿನಂತೆ ಟಿಪ್ಪಣಿ ಮಾಡಿಕೊಂಡು, ಚಿತ್ರಗಳೊಡನೆ ಅಂದವಾಗಿ ಬರೆದು, ಸುಮಾರು 300 ಪುಟಗಳ ಪುಸ್ತಕವಾಗಿ ಕಟ್ಟಿದ. ಅದೇ ವರ್ಷದ ಡಿಸೆಂಬರಿನಲ್ಲಿ ಆ ಪುಸ್ತಕವನ್ನು ಡೇವಿ ಅವರಿಗೇ ಕಳುಹಿಸಿ, ವಿಜ್ಞಾನದ ಕೆಲಸ ಏನಾದರೂ ಸಿಗಬಹುದೇ ಎಂದು ವಿಚಾರಿಸಿದ.

ಡೇವಿ ಅವರಿಗೆ ಸಂತೋಷವಾಯಿತು. ಆದರೆ ಕೆಲಸ ಖಾಲಿ ಇರಲಿಲ್ಲ. ಸದ್ಯಕ್ಕೆ ರಟ್ಟು ಕಟ್ಟುವ ಕಸುಬನ್ನು ಬಿಡಬೇಡ ಎಂದೇ ಅವರು ಬುದ್ಧಿ ಹೇಳಿದರು. ಕೆಲವು ವಾರಗಳ ನಂತರ ಪ್ರಯೋಗಾಲಯದ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. ಡೇವಿ ಅವರಿಗೆ ರಟ್ಟು ಕಟ್ಟುವ ಹುಡುಗನ ನೆನಪಾಯಿತು. 1813ರ ಮಾರ್ಚ್ 1ರಂದು ಮೈಕೆಲ್ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸಹಾಯಕನಾಗಿ ಸೇರಿದ. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಇರಲು ಮೇಲಂತಸ್ತಿನಲ್ಲಿ ಎರಡು ಕೋಣೆ. ಬಾಟಲಿ ತೊಳೆಯುವುದು, ಉಪಕರಣ ಜೋಡಿಸುವುದು ಅವನ ಕೆಲಸ. ಬದುಕಿನ ಬಹುಭಾಗವನ್ನು ಫ್ಯಾರಡೆ ಕಳೆದದ್ದು ಇದೇ ಕಟ್ಟಡದಲ್ಲಿ.

ವಿದ್ಯುತ್ತಿನ ದಾರಿ

ಫ್ಯಾರಡೆ ಅವರ ದೊಡ್ಡ ಕೆಲಸಗಳ ಪಟ್ಟಿ ಉದ್ದವಾಗಿದೆ. 1821ರಲ್ಲಿ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದರು. ಇಂದಿನ ಫ್ಯಾನು, ಮಿಕ್ಸಿ, ಪಂಪ್‌ಸೆಟ್ಟಿನ ಮೋಟಾರಿಗೆ ಅದೇ ಮೊದಲ ಹೆಜ್ಜೆ. 1825ರಲ್ಲಿ ಬೆಂಜೀನ್ ಎಂಬ ವಸ್ತುವನ್ನು ಕಂಡುಹಿಡಿದರು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ, ಅಯಸ್ಕಾಂತದ ಬಲದಲ್ಲಿ ಬದಲಾವಣೆಯಾದಾಗ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿದರು. ಜನರೇಟರುಗಳೆಲ್ಲ ನಡೆಯುವುದು ಇದೇ ತತ್ತ್ವದ ಮೇಲೆ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಇದೇ ತತ್ತ್ವದಿಂದ.

ಮಕ್ಕಳೆಂದರೆ ಫ್ಯಾರಡೆ ಅವರಿಗೆ ಅಕ್ಕರೆ. ಸ್ವಂತ ಮಕ್ಕಳಿರಲಿಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ನಡೆಯುವ ಉಪನ್ಯಾಸ ಮಾಲೆಗಳಲ್ಲಿ 19 ಮಾಲೆಗಳನ್ನು ಅವರೊಬ್ಬರೇ ನಡೆಸಿಕೊಟ್ಟರು. ಉರಿಯುವ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡು ಇಡೀ ರಸಾಯನವಿಜ್ಞಾನವನ್ನು ವಿವರಿಸಿದ ಮಾಲೆಯೂ ಅವುಗಳಲ್ಲಿ ಒಂದು.

ಅವರಿಗೆ ಎರಡು ಕೊರತೆಗಳಿದ್ದವು. ಮೊದಲನೆಯದು, ಗಣಿತ ಹೆಚ್ಚು ಬರುತ್ತಿರಲಿಲ್ಲ. ಎರಡನೆಯದು, ನಡುವಯಸ್ಸಿನಿಂದಲೇ ಮರೆವು ಕಾಡತೊಡಗಿತು. ಗಣಿತದ ಬದಲು ಅವರು ಕಣ್ಣನ್ನೂ ಕೈಯನ್ನೂ ನೆಚ್ಚಿಕೊಂಡರು. ಮರೆವಿಗೆ ಮದ್ದಾಗಿ ದಿನಚರಿ ಇತ್ತು. ದಿನಚರಿಯಲ್ಲಿ ಪ್ರತಿಯೊಂದು ಅಂಶಕ್ಕೂ ಕ್ರಮಸಂಖ್ಯೆ ಹಾಕಿ ಬರೆಯುತ್ತಿದ್ದರು. ಪ್ರಯೋಗ ಗೆದ್ದರೂ ಬರೆಯುತ್ತಿದ್ದರು, ಸೋತರೂ ಬರೆಯುತ್ತಿದ್ದರು. ಹೀಗೆ ಕೂಡಿದ ಅಂಶಗಳ ಸಂಖ್ಯೆ 16,000ವನ್ನು ಮೀರಿತು!

ಬಂಗಾರದ ರೇಕು ಮತ್ತು ಬೆಳಕು

1856ರಲ್ಲಿ ಫ್ಯಾರಡೆ ಅವರಿಗೆ 64 ವರ್ಷ. ವಿಶ್ರಾಂತಿ ಪಡೆಯುವ ವಯಸ್ಸು. ಆದರೆ ತಲೆಯೊಳಗೆ ಹೊಸ ಪ್ರಶ್ನೆಯೊಂದು ಹೊಕ್ಕಿತ್ತು. ಬೆಳಕು ಅಲೆಯಂತೆ ಸಾಗುತ್ತದೆ. ಆ ಅಲೆಗಿಂತಲೂ ಚಿಕ್ಕದಾದ ವಸ್ತು ಎದುರಾದರೆ ಬೆಳಕು ಏನು ಮಾಡುತ್ತದೆ?

ಅಷ್ಟು ಚಿಕ್ಕ ವಸ್ತುವನ್ನು ಎಲ್ಲಿಂದ ತರುವುದು? ಫ್ಯಾರಡೆ ಬಂಗಾರವನ್ನು ಆರಿಸಿಕೊಂಡರು. ಲೋಹಗಳಲ್ಲಿ ಬಂಗಾರದಷ್ಟು ತೆಳುವಾಗಿ ಬಡಿಯಬಹುದಾದದ್ದು ಮತ್ತೊಂದಿಲ್ಲ. ದೇವರ ಪಟಗಳಿಗೆ, ಮೈಸೂರು ಶೈಲಿಯ ಚಿತ್ರಗಳಿಗೆ ಬಂಗಾರದ ರೇಕು ಅಂಟಿಸುವುದನ್ನು ನೀವು ನೋಡಿರಬಹುದು. ಉಸಿರು ತಾಗಿದರೂ ಹಾರಿಹೋಗುವಷ್ಟು ತೆಳು ಅದು. ಎಷ್ಟು ತೆಳು ಎಂದು ಹೇಳಲು ಒಂದು ಅಳತೆ ಬೇಕು. ನಿಮ್ಮ ಸ್ಕೇಲಿನಲ್ಲಿರುವ ಒಂದು ಮಿಲಿಮೀಟರನ್ನು 10 ಲಕ್ಷ ಸಮಭಾಗ ಮಾಡಿದರೆ, ಒಂದು ಭಾಗಕ್ಕೆ ಒಂದು ನ್ಯಾನೊಮೀಟರ್ ಎಂದು ಹೆಸರು. ಫ್ಯಾರಡೆ ಬಳಸಿದ ರೇಕಿನ ದಪ್ಪ ಸುಮಾರು 90 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಅಂದರೆ ರೇಕು ಬೆಳಕಿನ ಅಲೆಗಿಂತ ಚಿಕ್ಕದು.

ರೇಕನ್ನು ಗಾಜಿನ ಮೇಲೆ ಹರಡಿ ಫ್ಯಾರಡೆ ನೋಡಿದರು. ಮೇಲಿನಿಂದ ನೋಡಿದರೆ ಅದು ಹಳದಿ. ಬೆಳಕಿಗೆ ಹಿಡಿದು ಅದರ ಮೂಲಕ ನೋಡಿದರೆ ಹಸಿರು! ಗಾಜನ್ನು ಕಾಯಿಸಿದಾಗ ಹಸಿರು ಮಾಯವಾಯಿತು. ಅದೇ ರೇಕನ್ನು ನುಣುಪಾದ ಕಲ್ಲಿನಿಂದ ಒತ್ತಿದಾಗ ಹಸಿರು ಮರಳಿ ಬಂತು. ಬಂಗಾರ ಅದೇ, ಗಾಜು ಅದೇ. ಮತ್ತೆ ಬಣ್ಣ ಬದಲಾದದ್ದು ಏಕೆ? ಬಂಗಾರದ ಸಣ್ಣ ಸಣ್ಣ ಕಣಗಳು ಹೇಗೆ ಹರಡಿಕೊಂಡಿವೆ ಎಂಬುದರಲ್ಲಿ ಗುಟ್ಟಿದೆ ಎಂದು ಅವರಿಗೆ ಅನ್ನಿಸಿತು. ರೇಕು ಇನ್ನೂ ತೆಳುವಾಗಬೇಕು ಎಂದು ರಾಸಾಯನಿಕಗಳಿಂದ ಅದನ್ನು ಸವೆಸಿ ತೊಳೆದರು. ಬಂಗಾರದ ದ್ರಾವಣದ ಮೇಲೆ ರಂಜಕವನ್ನು ಬಳಸಿ ಹೊಸ ತೆಳು ಪೊರೆಗಳನ್ನೂ ಬೆಳೆಸಿದರು.

ತೊಳೆದ ನೀರು

ಇಲ್ಲಿಯೇ ಅನಿರೀಕ್ಷಿತವಾದದ್ದೊಂದು ನಡೆಯಿತು. ಬಂಗಾರದ ಪೊರೆಗಳನ್ನು ಸಿದ್ಧಪಡಿಸಿ ತೊಳೆದ ಮೇಲೆ ಉಳಿದ ನೀರಿಗೆ ತೀರಾ ತಿಳಿಯಾದ ಕೆಂಪು ಛಾಯೆ ಬಂದಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೇಕಾದದ್ದು ಪೊರೆ. ತೊಳೆದ ನೀರು ಬಚ್ಚಲಿಗೆ. ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಫ್ಯಾರಡೆ ಮಾತ್ರ ಅದನ್ನು ಬಾಟಲಿಗೆ ತುಂಬಿಸಿಟ್ಟರು. ಹಳದಿ ಲೋಹವನ್ನು ತೊಳೆದ ನೀರು ಕೆಂಪಾಗಿದ್ದು ಏಕೆ ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಅವರ ಮನಸ್ಸು ಒಪ್ಪಲಿಲ್ಲ.

ಮೊದಲು ಆ ನೀರನ್ನು ಬೇಕೆಂದೇ ತಯಾರಿಸಲು ಕಲಿತರು. ಬಂಗಾರದ ಲವಣವಾದ ಗೋಲ್ಡ್ ಕ್ಲೋರೈಡನ್ನು ಬಹಳ ನೀರಿನಲ್ಲಿ ಕರಗಿಸಿದರು. ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದಲ್ಲಿ ಕರಗಿಸಿದ ರಂಜಕವನ್ನು ಅದಕ್ಕೆ ಸೇರಿಸಿ ಕಲಕಿ ಬಿಟ್ಟರು. ನಿಧಾನವಾಗಿ ಇಡೀ ದ್ರವ ಮಾಣಿಕ್ಯದಂತೆ ಕೆಂಪಾಯಿತು. ಪಾತ್ರೆ ಕೊಂಚ ಕೊಳೆಯಾಗಿದ್ದರೂ ಬಣ್ಣ ಕೆಡುತ್ತಿತ್ತು. ಹಾಗಾಗಿ ಗಾಜಿನ ಪಾತ್ರೆಗಳನ್ನು ಮತ್ತೆ ಮತ್ತೆ ತೊಳೆಯುವುದೇ ದೊಡ್ಡ ಕೆಲಸವಾಯಿತು. (ಮಕ್ಕಳೇ, ಇವೆಲ್ಲ ವಿಷಕಾರಿ, ಬೇಗ ಹೊತ್ತಿಕೊಳ್ಳುವ ವಸ್ತುಗಳು. ನೀವು ಇದನ್ನು ಮಾಡಲು ಹೋಗಬೇಡಿ. ನಿಮಗಾಗಿ ಬೇರೆ ಪ್ರಯೋಗ ಕೊನೆಯಲ್ಲಿದೆ.)

ಈಗ ಮುಖ್ಯ ಪ್ರಶ್ನೆ. ಬಂಗಾರ ಈ ನೀರಿನಲ್ಲಿ ಸಕ್ಕರೆಯಂತೆ ಕರಗಿದೆಯೋ, ಅಥವಾ ಪುಡಿಪುಡಿಯಾಗಿ ತೇಲುತ್ತಿದೆಯೋ? ಬರಿಗಣ್ಣಿಗೆ ಒಂದು ಕಣವೂ ಕಾಣದು. ಆ ಕಾಲದ ಅತ್ಯುತ್ತಮ ಸೂಕ್ಷ್ಮದರ್ಶಕಕ್ಕೂ ಕಾಣದು. ಫ್ಯಾರಡೆ ಮಸೂರದಿಂದ ಬೆಳಕನ್ನು ಒಟ್ಟುಗೂಡಿಸಿ ಬಾಟಲಿಯೊಳಗೆ ಹಾಯಿಸಿದರು. ಸಕ್ಕರೆ ನೀರಿನಲ್ಲಿಯಾದರೆ ಬೆಳಕು ಸುಮ್ಮನೆ ದಾಟಿಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಬೆಳಕು ಹೋದ ದಾರಿ ಶಂಕುವಿನ ಆಕಾರದಲ್ಲಿ ಹೊಳೆಯಿತು. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಮನೆಯ ದೂಳು ಹೊಳೆಯುವುದನ್ನು ನೀವು ಕಂಡಿದ್ದೀರಲ್ಲವೇ? ಹಾಗೆಯೇ ಇದು. ನೀರಿನಲ್ಲಿ ಬೆಳಕನ್ನು ಚದುರಿಸುವ ಕಣಗಳಿವೆ ಎಂಬುದಕ್ಕೆ ಅದೇ ಸಾಕ್ಷಿ. ಕಣಗಳು ಬಂಗಾರವೇ, ಆದರೆ ಊಹೆಗೂ ಸಿಗದಷ್ಟು ಚಿಕ್ಕವು ಎಂದು ಫ್ಯಾರಡೆ ತೀರ್ಮಾನಿಸಿದರು.

ಹೀಗೆ ಕರಗದೆಯೂ ತಳಕ್ಕೆ ಇಳಿಯದೆಯೂ ಕಣಗಳು ತೇಲಿಕೊಂಡಿರುವ ದ್ರವಕ್ಕೆ ಕಲಿಲ ಎನ್ನುತ್ತಾರೆ. ಹಾಲು ಕೂಡ ಒಂದು ಕಲಿಲ. ಬೆಳಕಿನ ದಾರಿ ಹೊಳೆಯುವ ಈ ವಿದ್ಯಮಾನವನ್ನು ಮುಂದೆ ಫ್ಯಾರಡೆ ಅವರ ಸಹೋದ್ಯೋಗಿ ಜಾನ್ ಟಿಂಡಲ್ ವಿವರವಾಗಿ ಅಭ್ಯಾಸ ಮಾಡಿದರು. ಅದಕ್ಕೆ ಟಿಂಡಲ್ ಪರಿಣಾಮ ಎಂದು ಹೆಸರು.

ಒಂದು ಚಿಟಿಕೆ ಉಪ್ಪು

ಫ್ಯಾರಡೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಂಪು ನೀರಿಗೆ ಅದೂ ಇದೂ ಬೆರೆಸಿ ನೋಡಿದರು. ನಾವು ಅಡುಗೆಗೆ ಬಳಸುವ ಉಪ್ಪನ್ನೂ ಹಾಕಿದರು. ಕೆಂಪು ನೀರು ನೀಲಿಯಾಯಿತು! ಉಪ್ಪು ಬಂಗಾರವನ್ನು ಬೇರೆ ವಸ್ತುವನ್ನಾಗಿ ಮಾಡಿರಲಿಲ್ಲ. ಬಂಗಾರ ಬಂಗಾರವಾಗಿಯೇ ಇತ್ತು. ಏನಾಗಿತ್ತು ಎಂದರೆ, ದೂರ ದೂರ ತೇಲುತ್ತಿದ್ದ ಕಣಗಳು ಒಟ್ಟುಗೂಡಿ ಗುಂಪುಗಳಾಗಿದ್ದವು. ಹಾಲಿಗೆ ನಿಂಬೆಹುಳಿ ಹಿಂಡಿದಾಗ ಹಾಲು ಒಡೆದು ಗಡ್ಡೆ ಕಟ್ಟುತ್ತದಲ್ಲ, ಹೆಚ್ಚು ಕಡಿಮೆ ಹಾಗೆಯೇ. ಕಣ ಬಿಡಿಯಾಗಿದ್ದರೆ ಕೆಂಪು, ಗುಂಪಾದರೆ ನೀಲಿ. ಒಂದೇ ವಸ್ತು ಗಾತ್ರಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂಬ ಈ ಸಂಗತಿ ಇಂದಿನ ನ್ಯಾನೊ ವಿಜ್ಞಾನದ ತಳಹದಿಗಳಲ್ಲಿ ಒಂದು.

1857ರ ಫೆಬ್ರವರಿ 5ರಂದು ಫ್ಯಾರಡೆ ಈ ಕೆಲಸವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇಟ್ಟರು. ಮಕ್ಕಳೇ, ಇಲ್ಲಿ ಒಂದು ವಿಷಯ ಗಮನಿಸಿ. ಬಂಗಾರದ ಸಹಾಯದಿಂದ ಒಂದು ಬಣ್ಣದ ಬೆಳಕಿನ ಕಿರಣವನ್ನು ಇನ್ನೊಂದು ಬಣ್ಣದ ಕಿರಣವಾಗಿ ಮಾರ್ಪಡಿಸಬಹುದು ಎಂಬ ಆಸೆ ಅವರಿಗೆ ಒಂದು ಹಂತದಲ್ಲಿ ಇತ್ತು. ಅದು ದೊಡ್ಡ ಶೋಧವಾಗುತ್ತಿತ್ತು. ಆದರೆ ಪ್ರಯೋಗ ಅದನ್ನು ದೃಢಪಡಿಸಲಿಲ್ಲ. ಫ್ಯಾರಡೆ ಅದನ್ನು ಮುಚ್ಚಿಡಲಿಲ್ಲ. ತಾನು ಆಶಿಸಿದ್ದು ಇನ್ನೂ ದೃಢವಾಗಿಲ್ಲ ಎಂದು ಪ್ರಬಂಧದ ಆರಂಭದಲ್ಲಿಯೇ ತಿಳಿಸಿದರು. ತನಗೆ ಸಿಕ್ಕಿದ್ದು ಮುಂದಿನವರಿಗೆ ಒಂದು ಬಾಗಿಲಾಗಬಹುದು ಎಂದು ಸೂಚಿಸಿ, ಕಂಡದ್ದನ್ನು ಕಂಡಂತೆ ಬರೆದಿಟ್ಟರು. ಆ ಕೆಂಪು ನೀರಿನಿಂದ ರೋಗ ಪತ್ತೆ ಮಾಡಬಹುದು ಎಂದು ಅಲ್ಲಿದ್ದ ಯಾರಿಗೂ ಹೊಳೆಯುವಂತಿರಲಿಲ್ಲ. ವೈರಸ್ ಎಂಬುದೊಂದು ಇದೆ ಎಂದೇ ಆಗ ಜಗತ್ತಿಗೆ ತಿಳಿದಿರಲಿಲ್ಲ.

ವರ್ಷ ಕಳೆದಂತೆ ಮರೆವು ಹೆಚ್ಚಾಯಿತು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಹುಡುಕಿಕೊಂಡು ಬಂದರೂ ಫ್ಯಾರಡೆ ಒಪ್ಪಲಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿ ವಾಸಕ್ಕೆ ಮನೆಯೊಂದನ್ನು ಕೊಟ್ಟರು. ಅಲ್ಲಿಯೇ 1867ರ ಆಗಸ್ಟ್ 25ರಂದು ಅವರು ತೀರಿಕೊಂಡರು.

ಬಾಗಿಲು ತೆರೆದವರು

ಫ್ಯಾರಡೆ ತೋರಿಸಿದ ಬಾಗಿಲಿನಿಂದ ಅನೇಕರು ಒಳಗೆ ಬಂದರು. 1903ರಲ್ಲಿ ಜಿಗ್ಮಾಂಡಿ ಮತ್ತು ಸೀಡೆಂಟಾಫ್ ಎಂಬ ವಿಜ್ಞಾನಿಗಳು ಹೊಸ ಬಗೆಯ ಸೂಕ್ಷ್ಮದರ್ಶಕವನ್ನು ರೂಪಿಸಿದರು. ಫ್ಯಾರಡೆ ಅವರಿಗೆ ಕಾಣದಿದ್ದ ಬಂಗಾರದ ಕಣಗಳು ಅದರಲ್ಲಿ ಬೆಳಕಿನ ಚುಕ್ಕಿಗಳಂತೆ ಮಿನುಗಿದವು. ಕಲಿಲಗಳ ಕುರಿತ ಕೆಲಸಕ್ಕೆ ಜಿಗ್ಮಾಂಡಿ ಅವರಿಗೆ 1925ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. 1908ರಲ್ಲಿ ಗುಸ್ಟಾವ್ ಮೀ ಎಂಬುವರು ಈ ಬಣ್ಣಗಳಿಗೆ ಗಣಿತದ ಲೆಕ್ಕ ಕೊಟ್ಟರು. ಸರಳವಾಗಿ ಹೇಳುವುದಾದರೆ, ಬಂಗಾರದ ಕಣದೊಳಗಿನ ಎಲೆಕ್ಟ್ರಾನುಗಳು ಬೆಳಕು ತಾಗಿದಾಗ ಉಯ್ಯಾಲೆಯಂತೆ ತೂಗುತ್ತವೆ. ಪುಟ್ಟ ಕಣಗಳಲ್ಲಿ ಈ ತೂಗಾಟಕ್ಕೆ ಹಸಿರು ಬೆಳಕು ಹೊಂದುತ್ತದೆ. ಕಣ ಹಸಿರನ್ನು ನುಂಗಿಬಿಡುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ.

1951ರಲ್ಲಿ ಟರ್ಕೆವಿಚ್ ಮತ್ತು ಜೊತೆಗಾರರು ರಂಜಕದ ಬದಲು ಸಿಟ್ರೇಟ್ ಬಳಸಿ ಒಂದೇ ಗಾತ್ರದ ಬಂಗಾರದ ಕಣಗಳನ್ನು ತಯಾರಿಸುವ ಸುಲಭ ವಿಧಾನವನ್ನು ಪ್ರಕಟಿಸಿದರು. ಸಿಟ್ರೇಟ್ ಎಂದರೆ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲದ ಲವಣ. 1971ರಲ್ಲಿ ಫಾಕ್ ಮತ್ತು ಟೇಲರ್ ಎಂಬುವರು ಬಂಗಾರದ ಕಣಕ್ಕೆ ಪ್ರತಿಕಾಯಗಳನ್ನು ಅಂಟಿಸಿದರು. ಅಲ್ಲಿಂದ ಬಂಗಾರ ರೋಗಾಣುಗಳ ಬೇಟೆಗೆ ಹೊರಟಿತು.

ಕೆಂಪು ಗೆರೆ ಮೂಡುವುದು ಹೇಗೆ?

ಪ್ರತಿಕಾಯ ಎಂದರೇನು? ರೋಗಾಣು ದೇಹಕ್ಕೆ ಹೊಕ್ಕಾಗ ಅದನ್ನು ಹಿಡಿಯಲು ನಮ್ಮ ದೇಹ ತಯಾರಿಸುವ ಪ್ರೋಟೀನು ಅದು. ಒಂದು ಬೀಗಕ್ಕೆ ಒಂದೇ ಕೀಲಿ ಹೊಂದುವಂತೆ, ಒಂದು ಪ್ರತಿಕಾಯ ತನಗೆ ಹೊಂದುವ ವಸ್ತುವನ್ನೇ ಹಿಡಿಯುತ್ತದೆ. ಇಂಥ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿಯೂ ತಯಾರಿಸಬಹುದು.

ಈಗ ಪರೀಕ್ಷೆಯ ಪಟ್ಟಿಯನ್ನು ಬಿಚ್ಚಿ ನೋಡೋಣ. ಒಳಗಿರುವುದು ನೀರು ಹೀರುವ ಒಂದು ಬಗೆಯ ಕಾಗದ. ಮಾದರಿಯ ಹನಿ ಬಿದ್ದೊಡನೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕಾಗದ ಅದನ್ನು ಹೀರಿ ಮುಂದಕ್ಕೆ ಒಯ್ಯುತ್ತದೆ. ದಾರಿಯಲ್ಲಿ ಬಂಗಾರದ ಕಣಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಪ್ರತಿ ಕಣದ ಮೈಗೂ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಮಾದರಿಯಲ್ಲಿ ವೈರಸ್ಸಿನ ಪ್ರೋಟೀನು ಇದ್ದರೆ ಅದು ಬಂಗಾರದ ಕಣಕ್ಕೆ ಅಂಟಿಕೊಂಡು ಮುಂದೆ ಸಾಗುತ್ತದೆ.

ಸ್ವಲ್ಪ ದೂರದಲ್ಲಿ ‘ಟಿ’ ಎಂಬ ಗುರುತಿನ ಕಡೆ ಇನ್ನಷ್ಟು ಪ್ರತಿಕಾಯಗಳು ಸಾಲಾಗಿ ಕಾಯುತ್ತಿರುತ್ತವೆ. ಅವು ಕಾಗದಕ್ಕೆ ಭದ್ರವಾಗಿ ಅಂಟಿಕೊಂಡಿರುತ್ತವೆ. ವೈರಸ್ಸಿನ ಪ್ರೋಟೀನು ಬಂದೊಡನೆ ಅದನ್ನು ಹಿಡಿದುಕೊಳ್ಳುತ್ತವೆ. ಅದರ ಜೊತೆಗೆ ಬಂಗಾರದ ಕಣವೂ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಹೀಗೆ ಅಸಂಖ್ಯಾತ ಕಣಗಳು ಒಂದೇ ಗೆರೆಯಲ್ಲಿ ನಿಂತಾಗ ನಮ್ಮ ಕಣ್ಣಿಗೆ ಕೆಂಪು ಗೆರೆ ಕಾಣುತ್ತದೆ. ವೈರಸ್ ಇಲ್ಲದಿದ್ದರೆ ಕಣಗಳು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತವೆ. ಮುಂದಿನ ‘ಸಿ’ ಗೆರೆಯ ಪ್ರತಿಕಾಯಗಳು, ವೈರಸ್ ಇರಲಿ ಬಿಡಲಿ, ಬಂಗಾರದ ಕಣಗಳನ್ನು ಹಿಡಿಯುತ್ತವೆ. ‘ಸಿ’ ಗೆರೆ ಮೂಡಿದರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ಅರ್ಥ. ಅದೇ ಮೂಡದಿದ್ದರೆ ಆ ಪಟ್ಟಿಯನ್ನು ಎಸೆದು ಹೊಸದಾಗಿ ಪರೀಕ್ಷಿಸಬೇಕು.

ಈ ಪಟ್ಟಿಗಳಲ್ಲಿ ಬಳಸುವ ಬಂಗಾರದ ಕಣ ಸಾಮಾನ್ಯವಾಗಿ ಸುಮಾರು 40 ನ್ಯಾನೊಮೀಟರ್ ಗಾತ್ರದ್ದು. ಕೊರೋನಾ ವೈರಸ್ ಸುಮಾರು 100 ನ್ಯಾನೊಮೀಟರ್. ಅಂದರೆ ಹಿಡಿಯುವ ಕಣ ವೈರಸ್ಸಿಗಿಂತಲೂ ಚಿಕ್ಕದು! ಒಂದು ಪಟ್ಟಿಗೆ ಬೇಕಾಗುವ ಬಂಗಾರ ಅತ್ಯಲ್ಪ. ಆದ್ದರಿಂದಲೇ ಬಂಗಾರ ಬಳಸಿದರೂ ಪಟ್ಟಿ ದುಬಾರಿಯಾಗುವುದಿಲ್ಲ. ಬಂಗಾರಕ್ಕೆ ತುಕ್ಕು ಹಿಡಿಯದು, ಅದರ ಬಣ್ಣ ಮಾಸದು. ಗೆರೆ ನೋಡಲು ಯಂತ್ರವೂ ಬೇಡ, ವಿದ್ಯುತ್ತೂ ಬೇಡ.

ಉಪ್ಪಿನ ಮಾತು ಇನ್ನೂ ಮುಗಿದಿಲ್ಲ. ನಮ್ಮ ರಕ್ತದಲ್ಲಿ, ಮೂಗಿನ ಸಿಂಬಳದಲ್ಲಿ ಉಪ್ಪಿದೆ. ಬರಿಯ ಬಂಗಾರದ ಕಣಗಳಿಗೆ ಅದು ತಾಗಿದರೆ, ಫ್ಯಾರಡೆ ಕಂಡಂತೆ, ಅವು ಗುಂಪುಗೂಡಿ ನೀಲಿಯಾಗಿಬಿಡುತ್ತವೆ. ಕಣಗಳ ಮೈಗೆ ಪ್ರೋಟೀನಿನ ಹೊದಿಕೆ ಪೂರ್ತಿಯಾಗಿ ಹೊದಿಸಿದರೆ ಹಾಗಾಗುವುದಿಲ್ಲ. ಹೊದಿಕೆ ಸಾಕಷ್ಟಿದೆಯೇ ಎಂದು ತಿಳಿಯುವುದು ಹೇಗೆ? ಕಣಗಳಿರುವ ದ್ರವಕ್ಕೆ ಉಪ್ಪು ಹಾಕಿ ನೋಡುತ್ತಾರೆ! ಕೆಂಪಾಗಿಯೇ ಉಳಿದರೆ ಸರಿ, ನೀಲಿಯಾದರೆ ಹೊದಿಕೆ ಸಾಲದು. ಫ್ಯಾರಡೆ ದಿನಚರಿಗೆ ಸೇರಿದ ಆ ಒಂದು ಚಿಟಿಕೆ ಉಪ್ಪು ಇಂದಿಗೂ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುತ್ತಿದೆ.

ಎಚ್‌ಐವಿ, ಹೆಪಟೈಟಿಸ್ ಬಿ, ಡೆಂಗಿ ಮುಂತಾದ ವೈರಸ್ ಸೋಂಕುಗಳಿಗೂ ಬಂಗಾರದ ಕಣಗಳನ್ನು ಬಳಸಿದ ಪಟ್ಟಿಗಳಿವೆ. ಕೊರೋನಾ ಕಾಲದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರ ಜೂನ್ ತಿಂಗಳಲ್ಲಿ ನಮ್ಮ ದೇಶದಲ್ಲಿ ರ್‍ಯಾಪಿಡ್ ಪ್ರತಿಜನಕ ಪರೀಕ್ಷೆಗೆ ಅನುಮತಿ ನೀಡಿತು. ದೊಡ್ಡ ಪ್ರಯೋಗಾಲಯಗಳಿಲ್ಲದ ಊರುಗಳಲ್ಲಿಯೂ ಆಗಿಂದಾಗಲೇ ಫಲಿತಾಂಶ ತಿಳಿಯುವಂತಾಯಿತು.

ಹಾಗೆಂದು ಈ ಪಟ್ಟಿ ಎಂದೂ ತಪ್ಪುವುದಿಲ್ಲ ಎಂದು ತಿಳಿಯಬೇಡಿ. ದೇಹದಲ್ಲಿ ವೈರಸ್ ಕಡಿಮೆ ಇದ್ದರೆ ಗೆರೆ ಮೂಡದೇ ಇರಬಹುದು. ಆದ್ದರಿಂದಲೇ ಜ್ವರ, ಕೆಮ್ಮು ಇದ್ದೂ ಈ ಪರೀಕ್ಷೆಯಲ್ಲಿ ವೈರಸ್ ಸಿಗದವರಿಗೆ ಆರ್‌ಟಿ–ಪಿಸಿಆರ್ ಎಂಬ ಇನ್ನೂ ಸೂಕ್ಷ್ಮವಾದ ಪರೀಕ್ಷೆಯನ್ನು ಮಾಡಬೇಕು ಎಂಬ ನಿಯಮವಿತ್ತು. ಯಾವ ಪರೀಕ್ಷೆಯಾದರೂ ಅದರ ಮಿತಿಯನ್ನು ತಿಳಿದು ಬಳಸಬೇಕು. ತನ್ನ ಪ್ರಯೋಗದ ಮಿತಿಯನ್ನು ತಾನೇ ಬರೆದು ತಿಳಿಸಿದ ಫ್ಯಾರಡೆ ಅವರಿಂದ ನಾವು ಕಲಿಯಬೇಕಾದದ್ದೂ ಇದನ್ನೇ.

ಫ್ಯಾರಡೆ ತಯಾರಿಸಿದ ಬಂಗಾರದ ದ್ರವದ ಬಾಟಲಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇವೆ. ಇಷ್ಟು ವರ್ಷವಾದರೂ ಅದರ ಬಣ್ಣ ಉಳಿದುಕೊಂಡಿದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಗಾಜಿನ ಲೋಟ, ನೀರು, ಉಪ್ಪು, ಹಾಲು, ಟಾರ್ಚ್, ಸಣ್ಣ ರಂಧ್ರ ಮಾಡಿದ ಕಪ್ಪು ಕಾಗದ.

ಎರಡು ಲೋಟಗಳಿಗೂ ತಿಳಿನೀರು ತುಂಬಿ. ಒಂದಕ್ಕೆ ಅರ್ಧ ಚಮಚ ಉಪ್ಪು ಹಾಕಿ ಪೂರ್ತಿ ಕರಗಿಸಿ. ಇನ್ನೊಂದಕ್ಕೆ ಎರಡು ಹನಿ ಹಾಲು ಹಾಕಿ ಕಲಕಿ. ಟಾರ್ಚಿನ ಮುಖಕ್ಕೆ ಕಪ್ಪು ಕಾಗದ ಕಟ್ಟಿ. ಕೋಣೆಯನ್ನು ಕತ್ತಲು ಮಾಡಿ, ಎರಡೂ ಲೋಟಗಳ ಮೂಲಕ ಒಂದೊಂದಾಗಿ ಬೆಳಕು ಹಾಯಿಸಿ. ಪಕ್ಕದಿಂದ ನೋಡಿ. ಯಾವ ಲೋಟದಲ್ಲಿ ಬೆಳಕಿನ ದಾರಿ ಕಾಣಿಸಿತು? ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಯೋಚಿಸಿ, ಉತ್ತರಿಸಿ

1. ಉಪ್ಪುನೀರು ಮತ್ತು ಹಾಲು ಬೆರೆತ ನೀರು, ಇವುಗಳಲ್ಲಿ ಕಲಿಲ ಯಾವುದು? ಹೇಗೆ ಹೇಳುವಿರಿ?
2. 40 ನ್ಯಾನೊಮೀಟರ್ ಗಾತ್ರದ ಬಂಗಾರದ ಕಣಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಎಷ್ಟು ಕಣಗಳು ಹಿಡಿಸುತ್ತವೆ?
3. ಪರೀಕ್ಷೆಯ ಪಟ್ಟಿಯಲ್ಲಿ ‘ಟಿ’ ಗೆರೆ ಮೂಡಿ ‘ಸಿ’ ಗೆರೆ ಮೂಡದಿದ್ದರೆ ಏನು ಮಾಡಬೇಕು? ಏಕೆ?
4. ಈ ವಾರ ನೀವು ಮಾಡಿದ ಯಾವುದಾದರೂ ಪ್ರಯೋಗದಲ್ಲಿ ನಿರೀಕ್ಷಿಸದ ಸಂಗತಿ ಏನಾದರೂ ಕಂಡಿತೇ? ಫ್ಯಾರಡೆ ಅವರಂತೆ ಕ್ರಮಸಂಖ್ಯೆ ಹಾಕಿ ನಿಮ್ಮ ನೋಟ್ ಪುಸ್ತಕದಲ್ಲಿ ಬರೆಯಿರಿ. ತರಗತಿಯಲ್ಲಿ ಗುರುಗಳಿಗೆ ತೋರಿಸಿ, ಗೆಳೆಯರೊಡನೆ ಚರ್ಚಿಸಿ.

(2ನೇ ಪ್ರಶ್ನೆಯ ಉತ್ತರ: 25,000)